ಅಣ್ಣನ ಕೈಯಿಂದ ಚೆಂಡು ತೆಗೆದುಕೊಂಡರು

ನಮ್ಮಣ್ಣ ಔರಾದದಲ್ಲಿ ಸಾಲಿ ಮಾಸ್ತರ, ನಾನು ಬೀದರಿನ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ಶುಕ್ರವಾರ ರಜೆ. ಗುರುವಾರ ಸಂಜೆಯೇ ಅವನು ಸಂತಪುರದ ಕಡೆಯಿಂದ ಬರುವ ಯಾವುದಾದರೂ ಗಾಡಿ ಹತ್ತಿ ಬಂದುಬಿಡುತ್ತಿದ್ದ. ಮರುದಿನ ಕೋಟೆಯ ಹೊರಗಿನ ಬಯಲಿನಲ್ಲಿ ನಮ್ಮ ಕ್ರಿಕೆಟ್. ಮೊದಲ ಓವರ್ ಅಣ್ಣನದು, ವಿಕೆಟ್ ಹಿಂದೆ ನಾನು.

ಕ್ಯಾಪ್ಟನ್ ನಮ್ಮ ಕಚೇರಿಯ ಪೇಶಕಾರರು, ನನ್ನ ಮೇಲಿನ ಅಧಿಕಾರಿ. ಕೆಟ್ಟವರಲ್ಲ. ಬ್ಯಾಟು, ಚೆಂಡು ಹೈದರಾಬಾದಿನಿಂದ ತರಿಸುತ್ತಿದ್ದವರು ಅವರೇ. ಆದರೆ ಬೌಲರ್ ಬೆವರಿದ ಕೂಡಲೇ ಬದಲಿಸಬೇಕೆಂಬುದು ಅವರ ಹಟ. ಅಣ್ಣನ ಚೆಂಡು ಮೊದಮೊದಲು ತೀರಾ ಸಾದಾ. ಭುಜ ಸಡಿಲಾಗಿ, ಅಂಗಿ ಬೆನ್ನಿಗೆ ಅಂಟಿದ ಮೇಲೆಯೇ ಅದು ನೆಲಕ್ಕೆ ಬಿದ್ದು ತಿರುಗುತ್ತಿತ್ತು. ಅಷ್ಟರಲ್ಲಿ ಅವರು ಚೆಂಡಿಗೆ ಕೈ ಚಾಚುತ್ತಿದ್ದರು.

ಒಮ್ಮೆ ಅವರು ಊರಲ್ಲಿಲ್ಲದಾಗ ಭಾಲ್ಕಿಯಲ್ಲಿ ಆಟವಿತ್ತು. ನಾನೇ ಕ್ಯಾಪ್ಟನ್.

"ನಾ ನಿನ್ನ ತೆಗಿಯಲ್ಲ. ನಿಂಗ ಸಾಕಾಗೂತನಕ ಹಾಕು" ಎಂದೆ.

ಬಿಸಿಲು ನೆತ್ತಿಗೇರಿದ ಮೇಲೆ ಅವನ ಚೆಂಡು ಎಲ್ಲಿ ಹೋಗುತ್ತದೆಂದು ನನಗೇ ತಿಳಿಯದಾಯಿತು. ಎರಡು ಸಲ ಎದೆಗೆ ಬಡಿಸಿಕೊಂಡೆ. ಭಾಲ್ಕಿಯವರ ಕೊನೆಯ ಆಟಗಾರನನ್ನೂ ಅವನೇ ಔಟ್ ಮಾಡಿದ. ಹಿಂದಿರುಗುವಾಗ ಗಾಡಿಯಲ್ಲಿ ಕಾಲು ಚಾಚಿ ಮಲಗಿದ್ದ.

"ಕೈ ನೋಯ್ಲತ್ತದೇನು?"

"ನೋಯ್ಲತ್ತದ. ನೋಯ್ಲಿ ಬಿಡು. ಇವತ್ತ ಪೂರಾ ಆಡ್ದಂಗಾತು."

ಮುಂದೆ ಭಾಲ್ಕಿಯವರೇ ಬೀದರಿಗೆ ಬಂದರು. ನಾನು ಹಿಂದಿನ ಆಟದ ವಿಷಯ ಹೇಳಿದರೆ ಪೇಶಕಾರರು, "ಅದು ನಸೀಬು" ಎಂದು ನಕ್ಕರು. ಅಣ್ಣ ಬೆವರಿದ್ದೇ ತಡ, ಕೈ ಚಾಚಿದರು. ಎಂದೂ ಕೇಳದವನು ಅಂದು ಕೇಳಿದ:

"ಸಾಹೇಬ್ರ, ಈಗ ಕೈಗಿ ಬರ್ಲತ್ತದ್ರಿ. ಇನ್ನೊಂದಿಷ್ಟ ಹಾಕ್ತೇನ್ರಿ."

"ಬಸ್ ಮಾಡು ಮಾಸ್ತರ. ದಮ್ ಹೋದ ಮ್ಯಾಲ ಹೊಡಸ್ಕೋತಿ."

ಎಲ್ಲರೂ ನೋಡುತ್ತಿದ್ದರು. ಅಣ್ಣ ಚೆಂಡನ್ನು ಧೋತರಕ್ಕೆ ಒರೆಸಿ ಕೊಟ್ಟ. ನಾವು ಸೋತೆವು. ಅವನು ಮನೆಗೆ ಉಣ್ಣಲೂ ಬರಲಿಲ್ಲ.

"ಇನ್ನ ನಾ ಬರಲ್ಲ" ಎಂದಷ್ಟೇ ಹೇಳಿ ಔರಾದದ ದಾರಿ ಹಿಡಿದ. ಸಿಟ್ಟಿಳಿದರೆ ಬರುತ್ತಾನೆ ಎಂದುಕೊಂಡೆ.

ಆ ವರ್ಷ ಔರಾದಕ್ಕೆ ಪ್ಲೇಗು ಬಂತು. ಊರು ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಂಥದೊಂದು ಗುಡಿಸಲಲ್ಲಿ ಅಣ್ಣ ತೀರಿಕೊಂಡ. ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು.

ಪೇಶಕಾರರು ಮಾತಾಡಿಸಲು ಬಂದರು. ಕಂಬಳಿಯ ಮೇಲೆ ಕೂತಿದ್ದು, ಏಳುವಾಗ ನಮ್ಮವ್ವನಿಗೆ, "ನಿಮ್ಮ ಮಗಗ ನಾ ಪೂರಾ ಆಡ್ಲಾಕ ಬಿಡ್ಲಿಲ್ಲ, ಅವ್ವಾ" ಎಂದರು.

ಅವ್ವ ಒಮ್ಮೆಯೂ ಆ ಬಯಲಿಗೆ ಬಂದವಳಲ್ಲ. ಅವರು ಹೋದ ಮೇಲೆ ನನ್ನನ್ನು ಕೇಳಿದಳು:

"ಅಂವಾ ಚೊಲೊ ಆಡ್ತಿದ್ನೇನು?"

"ಭಾಳ ಚೊಲೊ ಆಡ್ತಿದ್ದ, ಅವ್ವ."

"ಮತ್ತ ಯಾಕ ಬಿಡ್ಲಿಲ್ಲ?"

ಅವಳ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.