ಬಿಳಿಯ ಅಂಚು

ಅವರ ಎಡಗೈಯಲ್ಲಿ ಹತ್ತಿಯ ಬಿಳಿ ಕೈಗವಸು ಇರುತ್ತಿತ್ತು. ಬಲಗೈ ಮಾತ್ರ ಬರಿದಾಗಿದ್ದು, ಅದರ ಬೆರಳ ತುದಿಗಳು ಪೆನ್ಸಿಲ್ಲಿನ ಸೀಸದಿಂದ ಸದಾ ಬೂದುಬಣ್ಣಕ್ಕೆ ತಿರುಗಿರುತ್ತಿದ್ದವು. ಗಂಗಾವತಿಯಲ್ಲಿ ನಮ್ಮ ಮನೆಯ ಎದುರಿಗೇ ಫೋಟೋ ಸ್ಟುಡಿಯೋ ಇಟ್ಟಿದ್ದ ಅವರನ್ನು ಓಣಿಯೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿತ್ತು. ನಾನು ಕಲಿಸುತ್ತಿದ್ದ ಶಾಲೆಯ ಮಕ್ಕಳಿಗೆ ಪರೀಕ್ಷೆಯ ಫೋಟೋ ತೆಗೆಯುತ್ತಿದ್ದವರು ಅವರೇ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನಲ್ಲಿ ಊರ ಸುತ್ತಲಿನ ಬಂಡೆಗಳ ಚಿತ್ರ ಬರೆದು, ದಪ್ಪನೆಯ ಹತ್ತಿ ಕಾಗದದ ಮೇಲೆ ತಾವೇ ಮುದ್ರಿಸುತ್ತಿದ್ದರು. ಪ್ರತಿಯೊಂದು ಹಾಳೆಯನ್ನೂ ಹೊಸ್ತಿಲಿಗೆ ತಂದು ಹಗಲ ಬೆಳಕಿನಲ್ಲಿ ಹಿಡಿದು ನೋಡುವರು; ಬಂಡೆಯ ನೆರಳು ತುಸು ನೀಲಿಗೆ ತಿರುಗಿದ್ದರೂ ಹರಿದುಹಾಕುವರು. ಕಾರಟಗಿಯ ಅಕ್ಕಿ ವ್ಯಾಪಾರಿಯೊಬ್ಬರು ಹರಿಯಲಿದ್ದ ಅಂಥ ಹಾಳೆಯೊಂದನ್ನು ಅರ್ಧ ಬೆಲೆಗೆ ಕೇಳಿದಾಗ, “ನುಚ್ಚು ಮಾರೋದು ನಿಮ್ಮ ಧಂದೆ ಐತ್ರಿ ಸಾವ್ಕಾರ, ನಮ್ಮದಲ್ಲ” ಎಂದಿದ್ದರು.

ನಾನು ಸ್ವಯಂನಿವೃತ್ತಿ ಪಡೆದಾಗ ಆಪಾ ನನಗೊಂದು ಚಿತ್ರ ಕೊಟ್ಟರು. ನಮ್ಮ ಶಾಲೆಯ ಹಿಂದಿನ ದೊಡ್ಡ ಬಂಡೆ, ಅದರ ನೆರಳಿನಲ್ಲಿ ಸಾಲಾಗಿಟ್ಟ ಪಾಟಿಚೀಲಗಳು. ಮಕ್ಕಳು ಮಾತ್ರ ಒಬ್ಬರೂ ಇಲ್ಲ. ಕೆಳಗಿನ ಬಿಳಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಏನೋ ಅಂಕಿ, ಏನೋ ಗೀಚು. ಅಂಚಿನಲ್ಲಿ ಬರೆಯಕೂಡದೆಂದು ಮಕ್ಕಳ ನೋಟ್‌ಬುಕ್ಕುಗಳ ಮೇಲೆ ಜೀವಮಾನವಿಡೀ ಕೆಂಪು ಗೆರೆ ಎಳೆದವಳು ನಾನು. ಅದು ಅಳತೆಯ ಗುರುತಿರಬೇಕೆಂದು ಭಾವಿಸಿ, ಅಂಚನ್ನೆಲ್ಲ ನೀಟಾಗಿ ಕತ್ತರಿಸಬೇಕೆಂದು ಚಿತ್ರಕ್ಕೆ ಗಾಜಿನ ಕಟ್ಟು ಹಾಕುವವನಿಗೆ ಹೇಳಿದೆ.

ಆ ತಿಂಗಳಲ್ಲಿಯೇ ಹಳೆಯ ಸಹೋದ್ಯೋಗಿಗಳನ್ನು ಊಟಕ್ಕೆ ಕರೆದಿದ್ದೆ. ಆಪಾ ಕೂಡ ಬಂದಿದ್ದರು. ವಿಜ್ಞಾನದ ಶಿಕ್ಷಕಿ ಗೋಡೆಗೆ ತೂಗುಹಾಕಿದ್ದ ಆ ಚಿತ್ರದ ಮುಂದೆ ನಿಂತು, ಇದನ್ನು ಮಾಡಿದವರು ಯಾರು, ಹೆಸರೇ ಇಲ್ಲವಲ್ಲ ಎಂದರು. ಆಪಾ ಕಟ್ಟಿನ ಕೆಳಗಂಚನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಯಾರರ ಮಾಡಿರಬೇಕು ಬಿಡ್ರಿ. ಕಲ್ಲು ಛಲೋ ಬಂದೈತಿ.”

ಅಷ್ಟು ಹೇಳಿ ಊಟಕ್ಕೆ ಕುಳಿತರು. ವಿನಯವಿರಬೇಕೆಂದುಕೊಂಡು ನಾನು ಬಡಿಸತೊಡಗಿದೆ.

ಮರುವಾರ ಸ್ಟುಡಿಯೋಕ್ಕೆ ಹೋದಾಗ ಅವರು ಹೊಸ ಹಾಳೆಯೊಂದರ ಅಂಚಿನಲ್ಲಿ ಬರೆಯುತ್ತಿದ್ದರು. ಏನೆಂದು ಕೇಳಿದೆ. ಒಂದು ಚಿತ್ರಕ್ಕೆ ಹನ್ನೆರಡೇ ಪ್ರತಿಗಳು, ಎಷ್ಟನೆಯದೆಂಬ ಅಂಕಿ ಎಡಕ್ಕೆ, ಸಹಿ ಬಲಕ್ಕೆ ಎಂದು ವಿವರಿಸಿದರು. “ಉಳಿದದ್ದೆಲ್ಲಾ ಮಷೀನ್ ಮಾಡತೈತ್ರಿ ಅಕ್ಕಾರ. ಇದೊಂದು ನನ್ನ ಕೈ.”

ನನ್ನ ಚಿತ್ರದ ಅಂಚಿನ ಗೀಚು ಏನೆಂದು ಆಗ ತಿಳಿಯಿತು. ಊಟದ ದಿನ ಅವರು ನನ್ನ ಮಾನ ಕಾಯುವುದಕ್ಕಾಗಿ ತಮ್ಮದೇ ಚಿತ್ರವನ್ನು ಯಾರದೋ ಎಂದಿದ್ದರು. ಕತ್ತರಿಸಿದ ಚೂರು ಆಗಲೇ ಕಸ ಸೇರಿತ್ತು. ತಪ್ಪೊಪ್ಪಿಕೊಂಡು, ಇನ್ನೊಂದು ಪ್ರತಿ ತೆಗೆದುಕೊಡಿರೆಂದು ಬೇಡಿಕೊಂಡೆ.

“ತಗದ್ರ ಹದಿಮೂರು ಆಗತಾವ್ರಿ. ಉಳಿದ ಹನ್ನೊಂದು ಮನಿಯವರಿಗೆ ನಾ ಏನಂತ ಹೇಳ್ಲಿ?”

ಹಿಂಬದಿಗಾದರೂ ಮತ್ತೆ ಸಹಿ ಹಾಕಿರೆಂದೆ. ಒಂದು ಕಾಗದಕ್ಕೆ ಒಂದೇ ಸಲ ಎಂದು ಅಡ್ಡಡ್ಡ ತಲೆಯಾಡಿಸಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಕೈಗವಸು ಕಳಚಿಟ್ಟು ಕುರ್ಚಿ ಸರಿಸಿದರು. “ಕುಂದರ್ರಿ, ಚಾ ತರಸ್ತೀನಿ.”

ಆಪಾ ತೀರಿಹೋದ ಮೇಲೆ ಕೊಪ್ಪಳ, ಕುಷ್ಟಗಿಗಳಿಂದಲೂ ಜನ ಅವರ ಚಿತ್ರಗಳನ್ನು ಹುಡುಕಿಕೊಂಡು ಬರುತ್ತಾರೆ. ಮೊನ್ನೆ ಬಂದವರೊಬ್ಬರು ನನ್ನ ಗೋಡೆಯ ಮುಂದೆ ಬಗ್ಗಿ ನೋಡಿ, “ಆಪಾರದ್ದಂತೀರಿ, ಸಹಿ ಎಲ್ಲೈತ್ರಿ?” ಎಂದು ಸಂಶಯಪಟ್ಟರು. ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕೆಂದು ಮಕ್ಕಳಿಗೆ ಕಲಿಸಿದವಳು ನಾನು. ಕೇಳಿದವರಿಗೆಲ್ಲ ಹಾಗೆಯೇ ಉತ್ತರಿಸುತ್ತೇನೆ: ಚಿತ್ರದ ಕೆಳಗೆ ಅವರ ಸಹಿ ಇತ್ತು, ಅದನ್ನು ನಾನು ಕತ್ತರಿಸಿ ಹಾಕಿಸಿದೆ.