ಮರಕುಟಿಗನ ನಾಲಿಗೆ

ನಮ್ಮ ಅತ್ತೆಯ ಮನೆಯಲ್ಲಿ ಮೊಟ್ಟೆ ಎನ್ನುವ ಮಾತನ್ನೂ ಆಡುವಂತಿರಲಿಲ್ಲ. ಅಂಗಡಿಯ ಸಾಮಾನಿನ ಜೊತೆ ಯಾರೋ ಮೊಟ್ಟೆ ಕಟ್ಟಿಕೊಟ್ಟಿದ್ದ ಹಳೆಯ ಪೇಪರು ಬಂದಿದೆ ಎಂಬ ಬರೀ ಅನುಮಾನಕ್ಕೆ ಅತ್ತೆ ಒಮ್ಮೆ ಪಡಸಾಲೆಯನ್ನೆಲ್ಲ ತೊಳೆಸಿ, ಎರಡನೇ ಸಲ ಸ್ನಾನ ಮಾಡಿ, ಲಿಂಗಪೂಜೆಗೆ ಕೂತಿದ್ದರು. ಅಂಥ ಮನೆಯಲ್ಲಿ ಒಂದು ಹಕ್ಕಿಯನ್ನು ಹಿಡಿಸಿ ಅದರ ನಾಲಿಗೆ ಕೊಯ್ಯಿಸಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರಲ್ಲಿ ನಾನೂ ಒಬ್ಬಳು. ನನ್ನ ಮಗನಿಗೆ ಐದು ತುಂಬುತ್ತಾ ಬಂದಿತ್ತು, ಬಾಯಿಂದ ಒಂದು ಮಾತು ಹೊರಟಿರಲಿಲ್ಲ.

ಅರವತ್ತರ ದಶಕದ ಕೊನೆಯ ಮಾತಿದು. ನಾನು ಬಳ್ಳಾರಿ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಕುರುಗೋಡಿಗೆ ಸೊಸೆಯಾಗಿ ಬಂದೆ. ನನ್ನದು ಬಾಯಿ ಬೊಂಬಾಯಿ ಎಂದು ತವರಿನಲ್ಲೇ ಹೆಸರಾಗಿತ್ತು. ಅತ್ತೆಯ ಮನೆಗೆ ಬಂದ ಮೇಲೂ ಅದೇನೂ ಸಣ್ಣದಾಗಲಿಲ್ಲ. ಕಾಯಿಪಲ್ಲೆಯವಳ ಜೊತೆ ಜಗಳ, ಹಾಲಿನವನ ಜೊತೆ ಜಗಳ, ಯಾರೂ ಸಿಗದಿದ್ದರೆ ಒಲೆಯ ಜೊತೆ. ಮಗ ಮೂರು ವರ್ಷವಾದರೂ ಮಾತು ಕಲಿಯದೆ ಇದ್ದಾಗ ಬಾವಿಕಟ್ಟೆಯಲ್ಲಿ ನೆರೆಮನೆಯ ಹೆಂಗಸೊಬ್ಬಳು ನಗುತ್ತಾ ಅಂದಳು, "ಎಲ್ಲಾ ಮಾತೂ ತಾಯಿನ ಆಡಿ ಮುಗಿಸ್ಯಾಳ. ಕೂಸಿಗೆ ಎಲ್ಲಿಂದ ಉಳೀಬೇಕವ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೊಡ ಇಳಿಸಿ, ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಉಳಿಯಿತು. ಮುಂದಿನ ಸೋಮವಾರದಿಂದ ನಾನು ಮೌನ ಹಿಡಿದೆ. ವಾರಕ್ಕೊಂದು ದಿನ ನಾನು ಆಡದೆ ಬಿಟ್ಟ ಮಾತನ್ನು ಶಿವ ನನ್ನ ಮಗನಿಗೆ ಕೊಡಲಿ ಎಂದು ಹರಕೆ. ಈಗ ಕೇಳಿದರೆ ಹುಚ್ಚು ಅನಿಸುತ್ತದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದವರಿಗೆ ಹುಚ್ಚು ಯಾವುದು, ಬುದ್ಧಿ ಯಾವುದು?

ಮಾಡದ ಔಷಧವಿಲ್ಲ. ಬಜೆ ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿದೆವು. ಶಂಖದಲ್ಲಿ ಇಟ್ಟ ನೀರು ಕುಡಿಸಿದೆವು, ಗುಡಿಯ ಗಂಟೆ ತೊಳೆದ ನೀರು ಕುಡಿಸಿದೆವು. ತಾಯತ ಕಟ್ಟಿಸಿದೆವು. ಬಳ್ಳಾರಿಯ ಡಾಕ್ಟರೊಬ್ಬರು ಬಾಯಿ ತೆಗೆಸಿ, ನಾಲಿಗೆ ಎತ್ತಿ ನೋಡಿ, "ಎಲ್ಲಾ ಸರಿಯಾಗಿದೆ, ಕೆಲವು ಗಂಡುಮಕ್ಕಳಿಗೆ ತಡ" ಎಂದು ಟಾನಿಕ್ ಬರೆದುಕೊಟ್ಟರು. ಕಿವಿಯ ಬಗ್ಗೆ ನಮಗೆ ಯಾರಿಗೂ ಅನುಮಾನವೇ ಬರಲಿಲ್ಲ. ಬರುವುದಾದರೂ ಹೇಗೆ? ಓಣಿಯ ಕೊನೆಯಲ್ಲಿ ಡೊಳ್ಳು ಶುರುವಾದರೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಓಡುವವನು ಅವನು. ಪಕ್ಕದ ಹಿಟ್ಟಿನ ಗಿರಣಿ ತಿರುಗತೊಡಗಿದರೆ ನೆಲಕ್ಕೆ ಕೆನ್ನೆ ಹಚ್ಚಿ ನಗುವನು. ನನ್ನ ಮುಖ ನೋಡಿಯೇ ಊಟಕ್ಕೋ ಸ್ನಾನಕ್ಕೋ ತಿಳಿದುಕೊಳ್ಳುವನು. ಕರೆದರೆ ಬರುವುದಿಲ್ಲ ನಿಜ. ಯಾವ ಮಗು ಕರೆದ ಕೂಡಲೇ ಬಂದಿದೆ? "ಮೊಂಡ ಅದಾನ, ಅವರ ಅಪ್ಪನಂಗ" ಎನ್ನುತ್ತಿದ್ದರು ಅತ್ತೆ.

ನಮ್ಮ ಹಿತ್ತಲಿನಲ್ಲಿ ಒಂದು ಹಳೆಯ ಬೇವಿನ ಮರವಿತ್ತು. ಅದರ ಒಂದು ಒಣಗಿದ ಕೊಂಬೆ ಮಾಳಿಗೆಯ ಮೇಲಕ್ಕೆ ಚಾಚಿತ್ತು. ಆ ವರ್ಷ ಶಿವರಾತ್ರಿಯ ಹೊತ್ತಿಗೆ ಒಂದು ಜೋಡಿ ಮರಕುಟಿಗ ಆ ಕೊಂಬೆಗೆ ಬಂದವು. ಬೆನ್ನು ಹೊನ್ನಿನ ಬಣ್ಣ, ಕೊರಳಿಗೆ ಕಪ್ಪು ಬಿಳಿ ಗೆರೆ. ಗಂಡಿಗೆ ನೆತ್ತಿಯೆಲ್ಲ ಕೆಂಪು ತುರಾಯಿ. ಹೆಣ್ಣಿಗೆ ತಲೆಯ ಹಿಂಭಾಗದಲ್ಲಿ ಮಾತ್ರ ಕೆಂಪು, ಹಣೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ. ಹಾರುವಾಗ ನೆಟ್ಟಗೆ ಹಾರುತ್ತಿರಲಿಲ್ಲ. ಏರಿ, ಇಳಿದು, ಮತ್ತೆ ಏರಿ, ಕಿರ್ರೆಂದು ಕೂಗುತ್ತಾ ಬಂದು ಕಾಂಡಕ್ಕೆ ಅಪ್ಪಳಿಸಿದ ಹಾಗೆ ಕೂಡುತ್ತಿದ್ದವು. ಬಾಲವನ್ನು ಮರಕ್ಕೆ ಊರಿ, ಕೂತೇ ಇದ್ದು, ಕುಟ್ಟುತ್ತಿದ್ದವು. ಗಂಡು ದಣಿದರೆ ಹೆಣ್ಣು, ಹೆಣ್ಣು ದಣಿದರೆ ಗಂಡು. ಮಾಳಿಗೆಯ ಮೇಲೆ ಕಟ್ಟಿಗೆಯ ಚೂರು ಬೀಳುತ್ತಲೇ ಇದ್ದವು, ನಾನು ದಿನಾ ಗುಡಿಸಿ ಬೈಯುತ್ತಿದ್ದೆ.

ಗೂಡಿಗೆಂದು ಅವು ಕೊರೆದ ತೂತು ಕೊಂಬೆಯ ಕೆಳಮಗ್ಗುಲಿಗೆ ಇತ್ತು, ಮಳೆನೀರು ಒಳಗೆ ಇಳಿಯದ ಹಾಗೆ. ಸಂಡಿಗೆ ಒಣಗಿಸಲು ಮಾಳಿಗೆ ಹತ್ತಿದಾಗ ಮಗನೂ ಬರುತ್ತಿದ್ದ. ಆ ಹಕ್ಕಿಯನ್ನು ನೋಡುತ್ತಾ ಕೂತರೆ ಅವನಿಗೆ ಊಟ ಬೇಡ, ನೀರು ಬೇಡ. ಒಂದು ಒಳಗೆ ಹೋಗುವುದು, ಇನ್ನೊಂದು ಹೊರಗೆ ಬರುವುದು, ಮರದ ಬುಡದ ಇರುವೆಯ ಸಾಲಿಗೆ ಅದು ನಾಲಿಗೆ ಚಾಚುವುದು. ಆ ನಾಲಿಗೆಯನ್ನು ನಾನೂ ನೋಡಿದ್ದೇನೆ. ಕೊಕ್ಕಿಗಿಂತ ಎಷ್ಟೋ ಉದ್ದ, ಒದ್ದೆ ದಾರದ ಎಳೆಯ ಹಾಗೆ ಹೊರಗೆ ಬಂದು ಇರುವೆ ಅಂಟಿಸಿಕೊಂಡು ಒಳಗೆ ಹೋಗುತ್ತಿತ್ತು. ಮರಿಯಾದ ಮೇಲೆ ತೂತಿನೊಳಗಿಂದ ಸಣ್ಣ ಬೀಸುಕಲ್ಲು ತಿರುಗಿದಂತೆ ಗರಗರ ಸದ್ದು ಬರುತ್ತಿತ್ತು. "ಕೇಳ್ಸ್ತೇನಪ್ಪಾ, ಮರಿ ಆಗ್ಯಾವ" ಎಂದೆ. ಅವನು ನನ್ನ ಮುಖ ನೋಡಿ ನಕ್ಕ.

ಅದೇ ವಾರ ಸಿರುಗುಪ್ಪದಿಂದ ನಮ್ಮ ಯಜಮಾನರ ಸೋದರತ್ತೆ ಬಂದರು. ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು. ತಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಅದಕ್ಕೇ ನಮ್ಮ ಮನೆಗೆ ಬರುತ್ತಿದ್ದರು. ಹಿತ್ತಲಿನಲ್ಲಿ ಕುಟ್ಟುವ ಸದ್ದು ಕೇಳಿ ಎದ್ದು ಹೋಗಿ ನೋಡಿ ಬಂದು, ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯ ಶಿವನೇ! ಔಷಧ ಹಿತ್ತಲದಾಗ ಇಟ್ಕೊಂಡು ಊರೂರು ತಿರಗತೀರಲ್ಲಾ! ಆ ಹಕ್ಕಿ ನಾಲಿಗಿ ತಲಿಬುರುಡಿ ಸುತ್ತಿಕೊಂಡಿರತೈತಿ, ಅಷ್ಟು ಉದ್ದ. ಹಸೀದು ತೇಯ್ದು ಜೇನಿನಾಗ ನೆಕ್ಕಿಸಿಬಿಡ್ರಿ. ನಮ್ಮ ಕಡೆ ಮೂಗ ಕೂಸಿಗೆ ಇದ ಕೊಡೂದು."

ನಾನು ಅತ್ತೆಯ ಮುಖ ನೋಡಿದೆ. ಛೀ ಅನ್ನುತ್ತಾರೆ, ಎದ್ದು ಬಾಯಿ ಮುಕ್ಕಳಿಸುತ್ತಾರೆ ಎಂದುಕೊಂಡಿದ್ದೆ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೊನೆಗೆ, "ಔಷಧಕ್ಕ ಮಡಿ ಮೈಲಿಗಿ ಇಲ್ಲ" ಎಂದರು. ಯಜಮಾನರು "ನೀ ಏನಂತಿ?" ಎಂದು ನನ್ನನ್ನು ಕೇಳಿದರು. ತೂತಿನೊಳಗಿನ ಮರಿಗಳು ನೆನಪಾಗಲಿಲ್ಲ ಎಂದಲ್ಲ. ನೆನಪಾದವು. ಆದರೆ ನನ್ನ ಮಗ 'ಅವ್ವಾ' ಅನ್ನುವುದಾದರೆ ನಾನು ಹುಲಿಯ ನಾಲಿಗೆಗೂ ಕೈ ಹಾಕುತ್ತಿದ್ದೆ. "ತರಿಸ್ರಿ" ಎಂದೆ.

ಕೌಜುಗ, ಲಾವಕ್ಕಿ ಹಿಡಿದು ಮಾರುತ್ತಿದ್ದ ಒಬ್ಬ ಬೇಟೆಗಾರನಿಗೆ ಹೇಳಿ ಕಳಿಸಿದರು. ಅವನು ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವವನು. ಮರ ನೋಡಿ, "ಸಣ್ಣ ಜಾತೀದು ಬೇಕಂದ್ರ ಗುಡ್ಡದ ಜಾಲಿ ಗಿಡದಾಗ ಸಿಗತೈತಮ್ಮಾ, ಹಣಿ ಹಳದಿ ಇರೋದು. ಇದನ್ನ ಯಾಕ? ಮರಿ ಅದಾವು" ಎಂದ. ಸೋದರತ್ತೆ ಇದೇ ಆಗಬೇಕು ಎಂದರು. ಅವನು ಮಾಳಿಗೆ ಹತ್ತಿ, ಬಿದಿರಿನ ತುದಿಗೆ ಬಲೆಯ ಚೀಲ ಕಟ್ಟಿ ಕಾದು ಕೂತ. ಗಂಡು ಮರಿಗಳಿಗೆ ಉಣಿಸಲು ಒಳಗೆ ಹೋದ ಕೂಡಲೇ ಚೀಲವನ್ನು ತೂತಿಗೆ ಒತ್ತಿದ. ಹೊರಗೆ ಬಂದ ಹಕ್ಕಿ ಸೀದಾ ಚೀಲದೊಳಗೇ ಬಂತು. ಹೆಣ್ಣು ಆ ಕೊಂಬೆಯಿಂದ ಈ ಕೊಂಬೆಗೆ ಹಾರುತ್ತಾ ಅರಚಿದ ಅರಚಾಟಕ್ಕೆ ನಾನು ಒಳಗೆ ಹೋಗಿಬಿಟ್ಟೆ.

ಅವತ್ತು ಸೋಮವಾರ. ಶಿವನ ವಾರ ಜೀವ ತೆಗೆಯಬಾರದು, ನಾಳೆ ಬೆಳಿಗ್ಗೆ ನೀನೇ ಬಂದು ಊರ ಹೊರಗೆ ಒಯ್ದು ಕೊಯ್ದು ನಾಲಿಗೆ ಮಾತ್ರ ತಂದುಕೊಡು ಎಂದು ಅತ್ತೆ ಬೇಟೆಗಾರನಿಗೆ ಹೇಳಿದರು. ಹಕ್ಕಿಯ ಕಾಲು ಕಟ್ಟಿ, ಖಾಲಿಯಿದ್ದ ಹಳೆಯ ಕಟ್ಟಿಗೆ ಪೆಟ್ಟಿಗೆಯೊಳಗೆ ಬಿಟ್ಟು, ಉಸಿರಾಡಲು ಮುಚ್ಚಳಕ್ಕೆ ಸಣ್ಣ ಕಡ್ಡಿ ಕೊಟ್ಟು ಪಡಸಾಲೆಯ ಗೋಡೆಗೆ ಇಟ್ಟರು. ನಾನು ಮೌನದಲ್ಲಿದ್ದೆ. ಆ ದಿನ ಮೌನ ನನಗೆ ಅನುಕೂಲವೇ ಆಗಿತ್ತು, ಯಾರೂ ನನ್ನ ಜೊತೆ ಮಾತಾಡುವ ಹಾಗಿರಲಿಲ್ಲ.

ಮಧ್ಯಾಹ್ನ ಊಟ ಮುಗಿಯಿತು. ಸುಡುವ ಬಿಸಿಲು. ಅತ್ತೆ, ಸೋದರತ್ತೆ ಪಡಸಾಲೆಯಲ್ಲಿ ಅಡ್ಡಾಗಿದ್ದರು. ಮಗ ಪೆಟ್ಟಿಗೆಗೆ ಬೆನ್ನು ಮಾಡಿ, ದಪ್ಪ ಕೌದಿಯ ಮೇಲೆ ಕೂತು, ಹುಣಸೆ ಬೀಜಗಳನ್ನು ಸಾಲಾಗಿ ಇಡುತ್ತಿದ್ದ. ಪೆಟ್ಟಿಗೆಗೂ ಅವನಿಗೂ ಒಂದು ಗೇಣು ದೂರ. ನಾನು ಎದುರಿಗೆ ಕಂಬಕ್ಕೆ ಒರಗಿ ಅವನನ್ನೇ ನೋಡುತ್ತಿದ್ದೆ. ನಾಳೆ ಇಷ್ಟು ಹೊತ್ತಿಗೆ ಏನಾದರೂ ಅಂದಾನೇ ಎಂದು ಅವನ ತುಟಿಯನ್ನೇ ನೋಡುತ್ತಿದ್ದೆ.

ಆಗ ಹಕ್ಕಿ ಕುಟ್ಟಿತು. ಮರದ ಮೇಲೆ ಕುಟ್ಟಿದಂತಲ್ಲ. ಆ ಖಾಲಿ ಪೆಟ್ಟಿಗೆಯ ಹಲಗೆಗೆ ಬಿದ್ದ ಏಟು ಮನೆಯನ್ನೆಲ್ಲ ತುಂಬಿತು. ಅತ್ತೆ "ಶಿವ ಶಿವಾ" ಎಂದು ಧಡಕ್ಕನೆ ಎದ್ದು ಕೂತರು. ಸೋದರತ್ತೆಯ ಕೈಯಿಂದ ಬೀಸಣಿಗೆ ಬಿತ್ತು. ಕೊಟ್ಟಿಗೆಯಲ್ಲಿದ್ದ ಎಮ್ಮೆ ಹಗ್ಗ ಜಗ್ಗಿತು.

ನನ್ನ ಮಗ ಇನ್ನೊಂದು ಬೀಜ ಎತ್ತಿ ಸಾಲಿಗೆ ಇಟ್ಟ.

ಹಕ್ಕಿ ಮತ್ತೆ ಕುಟ್ಟಿತು, ಬಿಡದೆ ಕುಟ್ಟಿತು. ಅವನು ರೆಪ್ಪೆ ಸಹ ಬಡಿಯಲಿಲ್ಲ. ನಾನು ಎದ್ದು ಹೋಗಿ ಅವನ ಬೆನ್ನ ಹಿಂದೆ ನಿಂತು, ಮೌನವೂ ಮಣ್ಣೂ ಮರೆತು, ಅವನ ಹೆಸರು ಹಿಡಿದು ಕೂಗಿದೆ. ಗಿರಣಿಯ ಹತ್ತಿರ ನಿಂತವರಿಗೂ ಕೇಳಿಸಿತಂತೆ. ಅವನಿಗೆ ಕೇಳಿಸಲಿಲ್ಲ. ಹಿತ್ತಾಳೆ ತಟ್ಟೆ ತಂದು ಅವನ ತಲೆಯ ಹಿಂದೆ ಸೌಟಿನಿಂದ ಬಡಿದೆ. ಅವನು ಬೀಜ ಇಡುತ್ತಲೇ ಇದ್ದ. ಸಾಲು ಮುಗಿದ ಮೇಲೆ ಹಿಂದಕ್ಕೆ ಸರಿದು ಪೆಟ್ಟಿಗೆಗೆ ಬೆನ್ನು ಹಚ್ಚಿದ. ಆಗ ಬೆಚ್ಚಿ ಬಿದ್ದ! ತಿರುಗಿ ಎರಡೂ ಅಂಗೈಯನ್ನು ಹಲಗೆಗೆ ಒತ್ತಿ, ಒಳಗಿನ ಒಂದೊಂದು ಏಟಿಗೂ ಬಾಯಿ ತೆರೆದು ನಗತೊಡಗಿದ.

"ನಾಲಿಗಿ ಅಲ್ಲರಿ ಅತ್ತಿ" ಎಂದೆ. "ಕಿವಿ. ಇವಗ ಏನೂ ಕೇಳಂಗಿಲ್ಲ. ನಾವು ಆಡಿದ್ದು ಒಂದೂ ಇವಗ ಮುಟ್ಟಿಲ್ಲ."

ಸೋದರತ್ತೆ, "ಹೆಂಗೂ ಹಕ್ಕಿ ತಂದಾಗೈತಿ, ಒಮ್ಮೆ ಕೊಟ್ಟು ನೋಡ್ರಿ, ಕಳಕೊಳ್ಳೂದೇನೈತಿ" ಎಂದರು. ಆಗ ನನಗೆ ಬಂದ ಸಿಟ್ಟು! ಅಷ್ಟೂ ಸೋಮವಾರಗಳ ಮಾತನ್ನೆಲ್ಲ ಒಂದೇ ಸಲ ಅವರ ಮೇಲೆ ಸುರಿದೆ. ಅವರು ಸಂಜೆಯ ಬಸ್ಸಿಗೇ ಸಿರುಗುಪ್ಪಕ್ಕೆ ಹೋದರು. ನಾನು ಪೆಟ್ಟಿಗೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹಕ್ಕಿಯ ಕಾಲಿನ ದಾರ ಕತ್ತರಿಸಿದೆ. ಕೊಕ್ಕಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಬೇವಿನ ಕಾಂಡಕ್ಕೆ ಹಾರಿತು, ಕಾಲಿಗೆ ಹಿಡಿತ ಸಿಗದೆ ಜಾರಿತು, ಮತ್ತೆ ಹಾರಿ ಗೋಡೆ ದಾಟಿ ಹೋಯಿತು. ಆಮೇಲೆ ಅದನ್ನು ನಾನು ಕಾಣಲಿಲ್ಲ. ಹೆಣ್ಣೊಂದೇ ಮರಿಗಳಿಗೆ ಉಣಿಸಿತು. ಒಂದು ಮರಿ ಹಾರಿದ್ದನ್ನು ನೋಡಿದೆ. ಉಳಿದವು ಏನಾದವೋ, ತೂತಿನೊಳಗೆ ಕೈ ಹಾಕಿ ನೋಡುವ ಧೈರ್ಯ ನನಗೆ ಇರಲಿಲ್ಲ.

ಅದೇ ವಾರ ನಾನೂ ಯಜಮಾನರೂ ಮಗನನ್ನು ಬಳ್ಳಾರಿಯ ಬೇರೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗುಂಯ್‌ಗುಡುವ ಕಬ್ಬಿಣದ ಕವಲುಕಡ್ಡಿಯೊಂದನ್ನು ಮಿಡಿದು ಕಿವಿಯ ಹತ್ತಿರ ಹಿಡಿದರು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ತಲೆಯ ಎಲುಬಿಗೆ ಒತ್ತಿ ಹಿಡಿದರು; ಕಚಗುಳಿಯಾದಂತೆ ನಕ್ಕ. ಹುಟ್ಟಿನಿಂದಲೇ ಇರಬೇಕು, ನಾಲಿಗೆಗೆ ಗಂಟಲಿಗೆ ಏನೂ ಆಗಿಲ್ಲ, ಕಿವಿಗೆ ಔಷಧವಿಲ್ಲ ಎಂದರು. ಬಸ್ಸಿನಲ್ಲಿ ಬರುವಾಗ ಮಗ ನಮ್ಮಿಬ್ಬರ ನಡುವೆ ಕೂತು, ಎಂಜಿನ್ನಿಗೆ ಅದುರುವ ಸೀಟಿನ ಕಂಬಿ ಹಿಡಿದುಕೊಂಡು ಕುರುಗೋಡಿನವರೆಗೂ ಖುಷಿಯಾಗಿ ಬಂದ.

ಅತ್ತೆ ಹೊಸ್ತಿಲ ಹತ್ತಿರವೇ ಕೂತಿದ್ದರು. ಬೆಳಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲವಂತೆ. ಯಜಮಾನರು ಚಪ್ಪಲಿ ಬಿಡುತ್ತಾ, "ಹುಟ್ಟಿದಾಗಿಂದ ಕೇಳಂಗಿಲ್ಲಂತವ್ವಾ. ಔಷಧ ಇಲ್ಲಂತ" ಎಂದರು.

ಅತ್ತೆ ಮೊಮ್ಮಗನನ್ನು ತೊಡೆಗೆ ಎಳೆದುಕೊಂಡರು. ಅವನ ಎರಡೂ ಕಿವಿಗಳನ್ನು ಬೆಳಕಿಗೆ ತಿರುಗಿಸಿ, ಒಳಗೆ ಇಣುಕಿ, ಬೆರಳಿನಿಂದ ಸವರಿ ನೋಡಿದರು. "ಕಿವಿ ಎಷ್ಟು ಚಂದ ಅದಾವಲ್ಲೋ" ಎಂದರು. ಕಣ್ಣಿಂದ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದರು, "ಹಂಗಾರ ಯಾವ ಹಕ್ಕಿದು ಕಿವಿ ಚುರುಕು ಇರತಾವವ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಬೈಯಲೆಂದೇ ಬಾಯಿ ತೆರೆದೆ. ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಗನೂ ನೋಡುತ್ತಿದ್ದ.

"ಗೂಬಿದು ಅಂತಾರ್ರಿ, ಅತ್ತಿ" ಎಂದೆ.