ಬಾಣಂತಿಯ ಬಟ್ಟಲಲ್ಲಿ ಚಹಾ ಕುಡಿದ ರಾಯರು

ಕೆಮ್ಮಿದರೂ ಭಯ, ಕೆಮ್ಮು ನಿಂತರೆ ಇನ್ನೂ ಭಯ. ಮಿಜೆಲ್ಲಿ ಗಳಿಗೆಗೊಮ್ಮೆ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಬೇಲಿಯ ಮರೆಯಲ್ಲಿ ಹುಟ್ಟಿ, ಬಂಡಿಯಲ್ಲಿ ಬೆಳೆದು, ಮನೆಮನೆಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಮಾರಿ ಬದುಕಿದ ಹೆಂಗಸು ಚಳಿಗೆ ಹೆದರಿದ್ದು ಇದೇ ಮೊದಲು.

ನಾರ್ವಿಚ್ ಊರಿನಾಚೆ ಹಿಮ ಬಿದ್ದ ಬಯಲಲ್ಲಿ ಅಲೆಮಾರಿ ರೊಮಾನಿಗಳ ಬಂಡಿಗಳು ಒಂದು ಕಡೆ, ಅವಳ ಪುರುಡಿನ ಗುಡಾರ ಇನ್ನೊಂದು ಕಡೆ. ಸಂಜೆಗೆ ಪುರುಡು ಕಳೆದರೆ ಒಲೆಯಿರುವ ಬಂಡಿ ಸೇರಬಹುದು.

ಆಗಲೇ ಫ್ಯಾನ್‌ಶಾ ರಾಯರು ಬಂದರು. ದೇಶ ಸುತ್ತಿ ಪುಸ್ತಕ ಬರೆಯುವವರು. ರೊಮಾನಿ ಮಾತುಗಳನ್ನು ಕೂಡಿಹಾಕುತ್ತ ತಲೆ ನರೆತಿತ್ತು. ಒಮ್ಮೆಯಾದರೂ ಯಾರಾದರೂ ತಮ್ಮನ್ನು 'ನಮ್ಮವನು' ಅನ್ನಲಿ ಎಂಬುದೊಂದೇ ಆಸೆ. ಗುಡಾರದ ಮುಂದಿದ್ದ ಬಟ್ಟಲೆತ್ತಿ ಗಟಗಟ ಚಹಾ ಕುಡಿದೇಬಿಟ್ಟರು.

"ಅಯ್ಯೋ, ಬಾಣಂತಿ ಬಟ್ಟಲು! ಗಂಡಸರು ಮುಟ್ಟಿದರೆ ಮೈಲಿಗೆ!" ಅತ್ತೆ ಪರ್ಪಿನಿಯಾ ಎದೆ ಬಡಿದುಕೊಂಡಳು. "ನೀನ್ಯಾಕೆ ತಡೀಲಿಲ್ಲ ಕಣೇ? ಇನ್ನೊಂದು ತಿಂಗಳು ಗುಡಾರದಲ್ಲೇ ಬಿದ್ದಿರು!"

"ಅತ್ತೆ, ಕೂಸು ಸಾಯುತ್ತೆ!"

ಗಂಡ ಒಸೇರಿ ತಲೆ ಕೆರೆದುಕೊಂಡ. "ಅವ್ವಾ, ರಾಯರು ಹೊರಗಿನವರು. ಅವರಿಗೆಲ್ಲಿ ನಮ್ಮ ಮೈಲಿಗೆ ಅಂಟುತ್ತೆ? ನಾಯಿ ನೆಕ್ಕಿತು ಅಂದ್ಕೊಂಡು ಬಟ್ಟಲು ಒಡೆದುಹಾಕು."

ರಾಯರ ಮುಖ ಬಾಡಿತು. "ನಾಯಿಯೇ? ಇಲ್ಲಪ್ಪಾ, ನಂಗೆ ಅಂಟಿದೆ! ಮೈಯೆಲ್ಲ ಜುಮ್ ಅಂತಿದೆ! ನಾನು ನಿಮ್ಮವನೇ. ದಯವಿಟ್ಟು ಬಹಿಷ್ಕಾರ ಹಾಕಿ!"

"ಕೇಳಿದ್ಯಾ? ಅವರೇ ಒಪ್ಕೊಂಡ್ರು," ಎಂದಳು ಅತ್ತೆ. "ಇನ್ನೊಂದು ತಿಂಗಳು."

ಕೂಸು ಕೆಮ್ಮಿತು. ಪುರುಡಿನವಳು ಹಿರಿಯರ ನಡುವೆ ಬಾಯಿ ಹಾಕಬಾರದು. ಮಿಜೆಲ್ಲಿ ಹಾಕಿದಳು.

"ನಮ್ಮವರಾದ್ರೆ ಮೈಲಿಗೆ ಅಂಟಿದಾಗ ಮೈಮೇಲಿರೋದನ್ನೆಲ್ಲ ಸುಡಬೇಕು, ರಾಯರೇ."

ರಾಯರು ಹಿಗ್ಗಿಹೋದರು. ಟೋಪಿ ಬಂಡಿಗಳ ಮುಂದಿನ ಬೆಂಕಿಗೆ ಬಿತ್ತು. ಕೋಟು ಬಿತ್ತು. ಬೂಟುಗಳೂ ಬಿದ್ದು ಬಯಲೆಲ್ಲ ಸುಟ್ಟ ಚರ್ಮದ ನಾತ. ಹಿಮದ ಮೇಲೆ ಬರಿಗಾಲಲ್ಲಿ ಕುಣಿಯುತ್ತ, "ಇನ್ನೇನು? ಷರಾಯಿಯೇ?" ಎಂದರು.

"ಷರಾಯಿ ಇರಲಿ ಮಾರಾಯ್ರೇ! ಹೆಗಲ ಚೀಲ ಬೆಂಕಿಗೆ ಹಾಕಿ."

ಬರೆದು ಕೂಡಿಟ್ಟ ರೊಮಾನಿ ಮಾತುಗಳೆಲ್ಲ ಅದರಲ್ಲೇ ಇದ್ದವು. ರಾಯರು ಚೀಲವನ್ನು ಎದೆಗವುಚಿಕೊಂಡರು. ಮಿಜೆಲ್ಲಿ ಕೂಸನ್ನು ಅವುಚಿಕೊಂಡ ಹಾಗೆಯೇ.

"ನಾನು... ಹೊರಗಿನವನು."

"ಜೋರಾಗಿ ಹೇಳಿ, ಅತ್ತೆಗೆ ಕಿವಿ ಮಂದ."

"ಹೊರಗಿನವನಮ್ಮಾ! ಪಾದ್ರಿಯ ಮಗ!"

"ಹಂಗಾದ್ರೆ ಸರಿ," ಎಂದು ಪರ್ಪಿನಿಯಾ ಬಟ್ಟಲನ್ನು ಕಲ್ಲಿಗಪ್ಪಳಿಸಿದಳು.

ಸಂಜೆ ಕೂಸು ಒಲೆಯ ಪಕ್ಕ ಬೆಚ್ಚಗೆ ಮಲಗಿತು. ರಾಯರು ಚೀಲ ಹೊತ್ತು ಬರಿಗಾಲಲ್ಲಿ ಕುಂಟುತ್ತ ರೈಲಿನ ಕಡೆ ಹೊರಟಿದ್ದರು. ಮಿಜೆಲ್ಲಿಗೆ ತಡೆಯಲಾಗಲಿಲ್ಲ. ಬಂಡಿಯ ಬಾಗಿಲಿಂದ ಬಗ್ಗಿ ಕೂಗಿದಳು:

"ರಾಯರೇ, ನಿಲ್ಲಿ! ಒಸೇರಿಯ ಬೂಟು ಹಾಕ್ಕೊಂಡು ಹೋಗಿ!"

"ಏನೇ, ನನ್ನ ಬೂಟಾ?" ಎಂದ ಒಸೇರಿ.